ಮೊಣಕಾಲೆತ್ತರದ ಬೀಗ

ಈಗ ಮರಗೆಲಸಕ್ಕೆ ಇಳಿಯುವವರು ಮೊದಲು ಕರೆಂಟಿನ ಕೈಗರಗಸ ಒಂದನ್ನು ಕೊಂಡುಕೊಳ್ಳುತ್ತಾರೆ, ಮಾರನೆಯ ದಿನ ನನ್ನ ಜಗಲಿಗೆ ಬಂದು ಕೂರುತ್ತಾರೆ. "ಅಜ್ಜ, ಹಲಗೆ ಹಾವಿನ ಹಾಗೆ ಹೋಗ್ತದೆ. ನೆಟ್ಟಗೆ ಕೊಯ್ಯೋದು ಹ್ಯಾಗೆ?" ಎಂದು ಕೇಳುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವವರು ಓದಿಕೊಳ್ಳಿ, ಓದಲು ಪುರಸೊತ್ತಿಲ್ಲದವರು ಕೈಬೆರಳನ್ನು ಒಮ್ಮೆ ಎಣಿಸಿಕೊಂಡು ಕೆಲಸ ಶುರುಮಾಡಿ.

ನಾನು ಯಾವಾಗ ಮೇಸ್ತ್ರಿಯಾದೆ, ಯಾವ ದೊರೆ ನನ್ನ ಬೆನ್ನು ತಟ್ಟಿದ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿ ನನ್ನ ಹೆಂಡತಿಗೇ ಬೇಜಾರಾಗಿದೆ. ನಾನು ಹಾಳುಮಾಡಿದ್ದನ್ನು ಬರೆಯುತ್ತೇನೆ, ನಿಮಗೆ ಉಪಯೋಗಕ್ಕೆ ಬರುವುದು ಅದೇ.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ಮೂಡಿಗೆರೆ ಕಡೆಯ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ಬಡಗಿ ಶೆಡ್ಡಿನ ಕೆಲಸ ನನ್ನದು. ನನಗೆ ಆಗ ಇಪ್ಪತ್ತೈದು ವರ್ಷ, ಹೆಸರು ಶೇಷ, ಸಿಟ್ಟು ಮೂಗಿನ ತುದಿಯಲ್ಲಿ. ನನಗೆ ಕೆಲಸ ಕಲಿಸಿದವರು ಕಾಳಪ್ಪಾಚಾರ್ರು. ಅರವತ್ತು ದಾಟಿದ್ದರು. ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡಿದ್ದರು. ಒಂದು ಕಣ್ಣಿಗೆ ಪೊರೆ ಬಂದಿದ್ದರಿಂದ ಹಲಗೆಯನ್ನು ಕಣ್ಣಿಗಿಂತ ಹೆಚ್ಚಾಗಿ ಹೆಬ್ಬೆರಳಿನಿಂದಲೇ ನೋಡುತ್ತಿದ್ದರು. ಅವರ ಹೆಬ್ಬೆರಳಿಗೆ ಸಿಕ್ಕಿಬಿದ್ದವರು ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ದೊರೆಯ ಸೀಮೆಯಿಂದ ಒಂದು ಮರದ ಪೆಟ್ಟಿಗೆ ಬಂತು. ಗೋಣಿಬೀಡಿನವರೆಗೆ ಬಸ್ಸಿನ ತಲೆಯ ಮೇಲೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಒಂದು ಹಿಡಿ, ಒಂದು ಗುಂಡಿ, ಬಾಲದ ಹಾಗೆ ಒಂದು ತಂತಿ, ಹೊಟ್ಟೆಯ ಕೆಳಗೆ ಹಲ್ಲಿನ ಚಕ್ರ. ಎತ್ತಿದರೆ ಒಂದು ವರ್ಷದ ಮಗುವಿನಷ್ಟು ಭಾರ. ಇಂಜಿನ್ ಮನೆಯ ಮೇಸ್ತ್ರಿ ಮೋನಪ್ಪ ಅದನ್ನು ಸುತ್ತ ತಿರುಗಿ ನೋಡಿ, "ಇದು ಕಾಫಿ ಪುಡಿ ಮಾಡುವ ಮಿಷನ್ನು ಮಾರಾಯ್ರೆ, ನೋಡಿದ ಕೂಡ್ಲೆ ಗೊತ್ತಾಗ್ತದೆ" ಎಂದ. ಮೋನಪ್ಪ ಘಟ್ಟದ ಕೆಳಗಿನವನು. ಅವನಿಗೆ ಗೊತ್ತಿಲ್ಲದ ಮಿಷನ್ನು ಲೋಕದಲ್ಲಿ ಇನ್ನೂ ಹುಟ್ಟಿರಲಿಲ್ಲ.

ದೊರೆ ತಾನೇ ಮಾಡಿ ತೋರಿಸುತ್ತೇನೆಂದು ಬಂದ. ಎರಡು ಖಾಲಿ ಪೆಟ್ಟಿಗೆಗಳ ಮೇಲೆ ಹಲಗೆ ಇಟ್ಟು, ಟೋಪಿಯನ್ನು ಹಿಂದಕ್ಕೆ ಸರಿಸಿ, ಗುಂಡಿ ಅದುಮಿದ. ಆ ಸದ್ದಿಗೆ ಶೆಡ್ಡಿನ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿದವು, ನಾನೂ ಹೆಚ್ಚುಕಡಿಮೆ ಹಾರಿದೆ. ಗರಗಸ ಹಲಗೆಯನ್ನು ಕೊಯ್ದಿತು. ಹಲಗೆ ಮುಗಿದರೂ ದೊರೆ ನಿಲ್ಲಿಸಲಿಲ್ಲ, ಅದು ಪೆಟ್ಟಿಗೆಯ ಮೂಲೆಯನ್ನೂ ಕೊಯ್ದಿತು. ಪೆಟ್ಟಿಗೆಯ ಪಕ್ಕದಲ್ಲಿ ಅದರದೇ ತಂತಿ ಬಿದ್ದಿತ್ತು, ಅದನ್ನೂ ಕೊಯ್ದಿತು. ಢಬ್ ಎಂದು ನೀಲಿ ಬೆಂಕಿ ಹಾರಿ, ಇಂಜಿನ್ ಮನೆಯ ದೀಪವೆಲ್ಲ ಆರಿಹೋಯಿತು. ದೊರೆ ಮಸಿ ಹತ್ತಿದ ಮುಖವನ್ನು ಕರವಸ್ತ್ರದಿಂದ ಒರೆಸಿಕೊಂಡು, "ಸರಿ. ಇನ್ನು ನೀವು ಕಲಿಯಿರಿ" ಎಂದು ಬಂಗಲೆಗೆ ಹೋದ. ಮತ್ತೆಂದೂ ಅವನು ಅದನ್ನು ಮುಟ್ಟಲಿಲ್ಲ. ಅವನು ಕಲಿಸಿದ್ದು ಅದೊಂದೇ ಪಾಠ: ಮೊದಲು ತಂತಿ ಎಲ್ಲಿದೆ ನೋಡು, ಆಮೇಲೆ ಗುಂಡಿ ಅದುಮು. ತಂತಿಯನ್ನು ಹೆಗಲ ಮೇಲೆ ಹಾಕಿಕೊಳ್ಳುವ ಅಭ್ಯಾಸ ನನಗೆ ಅಂದಿನಿಂದ ಬಂತು.

ಆ ವರ್ಷದ ಆಯುಧಪೂಜೆಯಲ್ಲಿ ಆಚಾರ್ರು ಉಳಿ, ಹತ್ತರಿ, ಕೊಡತಿಗಳ ಸಾಲಿನಲ್ಲಿ ಅದನ್ನೂ ಇಟ್ಟು, ಉಳಿದವಕ್ಕಿಂತ ದೊಡ್ಡ ಕುಂಕುಮ ಇಟ್ಟರು. "ಇದಕ್ಕೆ ಹಸಿವು ಜಾಸ್ತಿ. ಸಮಾಧಾನ ಮಾಡಿ ಇಟ್ಕೋಬೇಕು" ಎಂದರು. ಆದರೆ ಪೂಜೆ ಮಾಡಿದವರು ಹಿಡಿಯಲು ಮಾತ್ರ ಒಪ್ಪಲಿಲ್ಲ.

"ಕೈಗರಗಸ ಕೊಯ್ಯುವಾಗ ಕೈಗೆ ಸುದ್ದಿ ಹೇಳುತ್ತೆ ಕಣೋ, ಇಲ್ಲಿ ಗಟ್ಟಿ, ಇಲ್ಲಿ ಮೆದು ಅಂತ. ಇದು ಬರೇ ಕೂಗುತ್ತೆ. ನೀನೂ ಕೂಗ್ತೀಯ. ನಿಮ್ಮಿಬ್ರಿಗೂ ಸರಿಹೋಗುತ್ತೆ, ನೀನೇ ಹಿಡಿ."

ಹಿಡಿದೆ. ಮೊದಲ ವಾರ ನಾನು ಕೊಯ್ದ ಹಲಗೆಗಳನ್ನು ಸಾಲಾಗಿ ಜೋಡಿಸಿದ್ದರೆ ಚಾರ್ಮಾಡಿ ಘಾಟಿಯ ರಸ್ತೆಯೇ ಆಗುತ್ತಿತ್ತು. ಗೆರೆಯ ಮೇಲೆ ಕಣ್ಣಿಟ್ಟು ತಳ್ಳಿದಷ್ಟೂ ಗರಗಸ ತನಗೆ ಬೇಕಾದ ಕಡೆ ಹೋಗುತ್ತಿತ್ತು. ನಾನು ಅದಕ್ಕೆ ಬೈದೆ, ದೊರೆಗೆ ಬೈದೆ, ಮರಕ್ಕೆ ಬೈದೆ. ಆಚಾರ್ರು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಒಂದು ನೆಟ್ಟಗಿನ ರೀಪರು ಪಟ್ಟಿ ತಂದು ಹಲಗೆಯ ಮೇಲೆ ಬಿಗಿದರು.

"ದನಕ್ಕೆ ಬೈದ್ರೆ ಅದು ಬೇಲಿ ಹಾರದೆ ಇರುತ್ತಾ? ಬೇಲಿ ಕಟ್ಟು. ಗರಗಸದ ಪಾದ ಇದಕ್ಕೆ ಒತ್ತಿಕೊಂಡು ಹೋಗ್ಲಿ. ನೀನು ಗೆರೆ ನೋಡ್ಬೇಡ, ಬೇಲಿ ನೋಡು."

ಅಷ್ಟೇ ಮಾರಾಯರೇ, ನೆಟ್ಟಗೆ ಕೊಯ್ಯುವ ಗುಟ್ಟು. ಈಗಲೂ ಅದೇ. ಗರಗಸದ ಪಾದವೆಂದರೆ ಹಲಗೆಯ ಮೇಲೆ ಕೂತು ಜಾರುವ ತಗಡು. ಅದರ ಅಂಚಿನಿಂದ ಹಲ್ಲಿನವರೆಗೆ ಎಷ್ಟು ದೂರವೋ, ಗೆರೆಯಿಂದ ಅಷ್ಟೇ ದೂರಕ್ಕೆ ರೀಪರು ಬಿಗಿಯಬೇಕು. ಆ ಅಳತೆ ನನಗೆ ಪ್ರತಿ ಸಲ ಮರೆಯುತ್ತಿತ್ತು. ಕಡೆಗೆ ಅಷ್ಟೇ ಅಗಲದ ಒಂದು ಮರದ ತುಂಡು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದು ಈಗಲೂ ದೇವರ ಗೂಡಿನಲ್ಲಿದೆ.

ಇಷ್ಟು ಕಲಿತ ಮೇಲೆ ನನಗೆ ಕೊಂಬು ಬಂತು. ದೊರೆ ಕಾಫಿ ಬೀಜದ ಮಾದರಿ ಇಡಲು ಹನ್ನೆರಡು ಖಾನೆಯ ಪೆಟ್ಟಿಗೆ ಬೇಕೆಂದ. ಉದ್ದದ ಹಲಗೆಯನ್ನು ಹನ್ನೆರಡು ಸಮಪಾಲಿಗೆ ಲೆಕ್ಕ ಹಾಕಿ, ಒಂದು ಕೊಯ್ದ ತುದಿಯಿಂದ ಮುಂದಿನದನ್ನು ಅಳೆದು, ಒಂದೊಂದನ್ನೂ ಬೇಲಿ ಕಟ್ಟಿ ಕೊಯ್ದೆ. ನೆಟ್ಟಗೆ ಬಂತು. ಜೋಡಿಸಿ ನೋಡಿದರೆ ಕೊನೆಯ ತುಂಡು ಒಂದೂವರೆ ಅಂಗುಲ ಕಡಿಮೆ. ಮೂರು ಸಲ ಅಳೆದೆ. ಯಾರೋ ಕದ್ದಿದ್ದಾರೆ ಎಂದು ಶೆಡ್ಡಿನಲ್ಲಿ ಕೂಗಾಡಿದೆ. ಒಂದೂವರೆ ಅಂಗುಲ ಮರವನ್ನು ಯಾರು, ಯಾಕೆ ಕದಿಯುತ್ತಾರೆ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ.

ಆಚಾರ್ರು ನೆಲದ ಮೇಲಿನ ಪುಡಿಯನ್ನು ಮುಷ್ಟಿಯಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದರು. "ತಗೋ, ನಿನ್ನ ಒಂದೂವರೆ ಅಂಗುಲ. ಹಲ್ಲು ಊಟ ಮಾಡಲ್ವೇನೋ? ಒಂದೊಂದು ಸಲಕ್ಕೂ ಅದರ ಪಾಲು ಬಿಟ್ಟು ಗುರುತು ಹಾಕು."

ಇನ್ನು ಕರೆಂಟಿನ ಕಥೆ. ನಿಮಗೀಗ ಗೋಡೆಯಲ್ಲಿ ತೂತಿದೆ, ಸಿಕ್ಕಿಸಿದರೆ ಬರುತ್ತದೆ. ನಮಗೆ ಕರೆಂಟು ಬರುತ್ತಿದ್ದದ್ದು ಕಾಫಿ ಹಣ್ಣಿನಿಂದ. ಎಸ್ಟೇಟಿನಲ್ಲಿ ಇದ್ದದ್ದು ಒಂದೇ ಇಂಜಿನ್. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರನ್ನು ಅದು ತಿರುಗಿಸುತ್ತಿತ್ತು, ಪಕ್ಕದ ಡೈನಮೋವನ್ನೂ ಅದೇ ತಿರುಗಿಸುತ್ತಿತ್ತು. ಮರ ಕೊಯ್ಯುವುದಕ್ಕೆಂದೇ ಎಣ್ಣೆ ಸುಡಬಾರದು ಎಂದು ದೊರೆಯ ಕಟ್ಟಪ್ಪಣೆ. ಅಂದರೆ ಹಣ್ಣು ಬಂದರೆ ಪಲ್ಪರು, ಪಲ್ಪರು ತಿರುಗಿದರೆ ಗರಗಸ. ಮಧ್ಯಾಹ್ನದ ಮೇಲೆ ಕುಯ್ಲಿನ ಹೆಂಗಸರು ಬುಟ್ಟಿ ಹೊತ್ತು ಬರುವವರೆಗೆ ನಾನು ಕೈಕಟ್ಟಿ ಕೂರಬೇಕು. ಹಣ್ಣು ಮುಗಿದರೆ ಗರಗಸ ಹಲಗೆಯ ನಡುವಿನಲ್ಲೇ ಉಸ್ ಎಂದು ನಿಂತುಬಿಡುತ್ತಿತ್ತು.

"ಮೋನಪ್ಪ, ಇನ್ನೊಂದು ಗೇಣು ಉಂಟು, ಇಂಜಿನ್ ನಿಲ್ಲಿಸ್ಬೇಡ ಮಾರಾಯ!" ಎಂದು ನಾನು ಶೆಡ್ಡಿನಿಂದ ಕೂಗುವುದು.

"ಹಣ್ಣು ಇಲ್ಲದೆ ನಾನೆಂತ ಮಾಡ್ಲಿಕ್ಕೆ ಉಂಟು ಮಾರಾಯ್ರೆ? ಪಲ್ಪರಿಗೆ ನನ್ನ ತಲೆ ಕೊಡ್ಲಾ?" ಎಂದು ಅವನು ಅಲ್ಲಿಂದ ಕೂಗುವುದು. "ಕೊಡು, ಅದರಲ್ಲೂ ಬರೇ ಸಿಪ್ಪೆಯೇ ಸಿಗೋದು!" ಎಂದು ನಾನೊಮ್ಮೆ ಹೇಳಿದ್ದಕ್ಕೆ ಅವನು ಎಂಟು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ.

ಒಂದು ದಿನ ತಾಳ್ಮೆ ಕೆಟ್ಟು ನಾನೇ ತೋಟಕ್ಕೆ ನುಗ್ಗಿ, ಕುಯ್ಲಿನ ಹೆಂಗಸರಿಗೆ ಬೇಗ ಬೇಗ ಕುಯ್ಯಿರಿ ಎಂದು ಅವಸರ ಮಾಡಿದೆ. ಒಬ್ಬ ಹಿರಿಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲ ಮಾರಾಯ, ನೀನು ಹಲಗೆ ಕುಯ್ಯಕ್ಕೆ ಅಂತ ನಾವು ಕಾಯಿನೂ ಕುಯ್ಬೇಕಾ?" ಎಂದಳು. ಎಲ್ಲರೂ ನಕ್ಕರು. ಆದರೂ ಆ ದಿನ ಬುಟ್ಟಿಗಳಲ್ಲಿ ಹಸಿರು ಕಾಯಿ ಎಷ್ಟು ಬಂದಿತ್ತೆಂದರೆ ಪಲ್ಪರು ಕಟಕಟ ಹಲ್ಲು ಕಡಿಯಿತು. ದೊರೆ ಸಿಟ್ಟಿಗೆದ್ದು ಎಲ್ಲರನ್ನೂ ವಿಚಾರಿಸಿದ. ನಾನು ಆ ಹೊತ್ತಿಗೆ ಮೂಲೆಮಟ್ಟ ಹುಡುಕುವ ನೆಪದಲ್ಲಿ ಹಲಗೆ ರಾಶಿಯ ಹಿಂದೆ ಕೂತಿದ್ದೆ.

ಇದೇ ಕುಯ್ಲಿನ ಕೊನೆಯ ವಾರದಲ್ಲಿ ಜಾವಳಿಯ ಸಿದ್ದೇಗೌಡರು ಬಂದರು. ಒಳ್ಳೆಯ ತೋಟ, ಗದ್ದೆ ಇದ್ದ ಮನೆತನ. ಗಾಡಿಯಲ್ಲಿ ಕಂಬಳಿ ಸುತ್ತಿ ಒಂದು ಬೀಟೆ ಹಲಗೆ ತಂದಿದ್ದರು. ಕಂಬಳಿ ಸರಿಸಿದಾಗ ನಾನು ಕೈಯಲ್ಲಿದ್ದ ಕೊಡತಿ ಕೆಳಗಿಟ್ಟು ಹತ್ತಿರ ಹೋದೆ. ಎರಡಡಿ ಅಗಲ, ಎಂಟಡಿ ಉದ್ದ, ಎಲ್ಲೂ ಕೂಡಿಸಿದ್ದಲ್ಲ, ಒಂದೇ ಹಲಗೆ. ಒಂದು ಮುಖದ ತುಂಬ ಕಪ್ಪು ಕೆಂಪು ಎಳೆಗಳು ದೀಪದ ಕುಡಿಯ ಹಾಗೆ ಮೇಲಕ್ಕೆದ್ದಿದ್ದವು. ಮಗಳು ಕಮಲ ತೊಟ್ಟಿಲಲ್ಲಿದ್ದಾಗ ಅವಳ ಮದುವೆಯ ಬೀರುವಿಗೆಂದು ಅಟ್ಟದ ಮೇಲೆ ಒಣಗಲು ಹಾಕಿದ್ದಂತೆ. ಈಗ ಗೋಣಿಬೀಡಿಗೆ ಮದುವೆ ಗೊತ್ತಾಗಿತ್ತು, ಇಪ್ಪತ್ತು ದಿನ ಉಳಿದಿತ್ತು. ಹಲಗೆಯನ್ನು ಎರಡು ಮಾಡಿದರೆ ಬೀರುವಿನ ಎರಡು ಬಾಗಿಲು.

"ಆಚಾರ್ರೇ, ಇಂಥದು ಇನ್ನೊಂದಿಲ್ಲ" ಎಂದರು ಗೌಡರು. "ಕೈಯಲ್ಲೇ ಕೊಯ್ತೀರೋ, ಆ ಮಿಷನ್ನಲ್ಲೋ, ನಿಮಗೆ ಬಿಟ್ಟದ್ದು. ಬಾಗಿಲಿಗೆ ಬಾಗಿಲು ಕೂತಾಗ ನಡುವೆ ಬೆಳಕು ಕಾಣಬಾರ್ದು."

ಆಚಾರ್ರು ಬಾಯಿ ತೆರೆಯುವ ಮೊದಲೇ ನಾನು, "ಮಿಷನ್ನಲ್ಲೇ ಕೊಯ್ತೀನಿ ಗೌಡ್ರೇ, ಬೆಣ್ಣೆ ಕೊಯ್ದ ಹಾಗೆ!" ಎಂದುಬಿಟ್ಟೆ. ಗೌಡರು ನನ್ನನ್ನು ನೋಡಿ ಮತ್ತೆ ಆಚಾರ್ರನ್ನು ನೋಡಿದರು. ಆಚಾರ್ರು ಹಲಗೆಯ ಮೇಲೆ ಅಂಗೈ ಇಟ್ಟರು.

"ಅವನು ಕೊಯ್ಲಿ. ಕೆಲಸ ನಂದು ಅಂತ್ಲೇ ಲೆಕ್ಕ. ಈ ಹಲಗೆ ಹಾಳಾಯ್ತು ಅಂದ್ರೆ ನಾನು ಮತ್ತೆ ಉಳಿ ಹಿಡಿಯಲ್ಲ ಗೌಡ್ರೇ."

ಅದು ಬಾಯಿಮಾತಿನ ಆಣೆಯಲ್ಲ. ಆಚಾರ್ರು ಹಾಗೆ ಹೇಳಿದರೆ ಹಾಗೇ ಮಾಡುವವರು. ಹತ್ತು ವರ್ಷದವರಿದ್ದಾಗ ಹಿಡಿದ ಉಳಿ ಅದು. ಅದನ್ನು ಬಿಟ್ಟರೆ ಅವರಿಗೆ ಜಗಲಿಯಲ್ಲಿ ಕೂತು ನೊಣ ಹೊಡೆಯುವುದೂ ಬರುತ್ತಿರಲಿಲ್ಲ. ಆದರೆ ನನ್ನದು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ವಯಸ್ಸಲ್ಲ.

ಬೀರುವಿನ ಚೌಕಟ್ಟನ್ನು ಆಚಾರ್ರೇ ಮಾಡಿ ನಿಲ್ಲಿಸಿದರು. ಬಾಗಿಲು ಅದರೊಳಗೆ ಕೂರಬೇಕು, ಹಾಗಾಗಿ ಅಳತೆ ಒಂದು ಗೆರೆಯೂ ಆಚೀಚೆ ಆಗುವಂತಿಲ್ಲ. ನಾನು ಕೊಯ್ಯುವ ದಿನ ಕುಯ್ಲಿನ ಕಡೆಯ ದಿನವಾಗಿತ್ತು. ಅಂದು ತಪ್ಪಿದರೆ ಮುಂದಿನ ವರ್ಷದ ಹಣ್ಣಿನವರೆಗೆ ಗರಗಸಕ್ಕೆ ಉಸಿರಿಲ್ಲ. "ಕಾಲು ಗಂಟೆಗೆ ಆಗುವಷ್ಟು ಹಣ್ಣು ಉಂಟು. ಆಮೇಲೆ ನನ್ನನ್ನು ಕರೀಬೇಡಿ ಆಯ್ತಾ" ಎಂದು ಮೋನಪ್ಪ ಮುಂಚೆಯೇ ಹೇಳಿದ್ದ.

ಮೂರು ಕೊಯ್ತ. ಎರಡು ತುದಿಗೆ, ಒಂದು ನಡುವೆ. ನಾನು ಕಲಿತದ್ದನ್ನೆಲ್ಲ ನೆನಪಿಟ್ಟು ಮಾಡಿದೆ. ತಂತಿ ಹೆಗಲ ಮೇಲೆ. ಬೇಲಿ ಬಿಗಿ. ಸೊಂಟದ ತುಂಡಿನಿಂದ ಅಳತೆ. ಹಲ್ಲಿನ ಊಟಕ್ಕೆ ಪಾಲು. ಎಳೆಗಳಿದ್ದ ಚಂದದ ಮುಖವನ್ನು ಮೇಲೆ ಇಟ್ಟುಕೊಂಡೆ. ಹದಿನೈದು ವರ್ಷದಿಂದ ಆಚಾರ್ರು ಕಲಿಸಿದ್ದೇ ಅದು: ಒಳ್ಳೆಯ ಮುಖ ಯಾವತ್ತೂ ಮೇಲೆ. ಮೊದಲು ಒಂದು ಬೇಡದ ಬೀಟೆ ತುಂಡಿನ ಮೇಲೆ ಕೊಯ್ದು ನೋಡಬೇಕಿತ್ತು. ಹಣ್ಣು ಮುಗಿಯುತ್ತದೆ ಎಂಬ ಗಡಿಬಿಡಿಯಲ್ಲಿ ಬಿಟ್ಟೆ. ಪಲ್ಪರಿನ ಸದ್ದನ್ನು ಒಂದು ಕಿವಿಯಲ್ಲಿ ಕೇಳುತ್ತ, ಅದು ಭಾರವಾದಾಗ ನಿಧಾನಿಸುತ್ತ, ಮೂರನೆಯ ಕೊಯ್ತ ಮುಗಿಸಿದೆ. ಮುಗಿಯುವುದಕ್ಕೂ ಇಂಜಿನ್ ನಿಲ್ಲುವುದಕ್ಕೂ ಸರಿಹೋಯಿತು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು.

ಮೇಲಿನ ಪುಡಿಯನ್ನು ಕೈಯಿಂದ ಸವರಿ ತೆಗೆದೆ. ಅಯ್ಯೋ ದೇವರೇ! ಕೊಯ್ತವೇನೋ ನೂಲು ಹಿಡಿದ ಹಾಗಿತ್ತು. ಆದರೆ ಚಂದದ ಮುಖದ ಅಂಚಿನುದ್ದಕ್ಕೂ ಸಿಬಿರು ಎದ್ದು, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಚಕ್ಕೆ ಹಾರಿಹೋಗಿತ್ತು. ನಾಯಿ ಕಚ್ಚಿ ಎಳೆದಾಡಿದ ಚಪ್ಪಲಿಯ ಅಂಚೇ. ಅಲ್ಲಿಯವರೆಗೆ ನಾನು ಕೊಯ್ದಿದ್ದೆಲ್ಲ ಒರಟು ಕಾಡುಮರ, ಕಾಫಿ ಒಣಗಿಸುವ ತಟ್ಟೆಗೆ, ಪೆಟ್ಟಿಗೆಗೆ. ಅದರಲ್ಲಿ ಸಿಬಿರು ಎದ್ದರೆ ಯಾರು ನೋಡುತ್ತಾರೆ? ಈಗ ಇನ್ನೊಂದು ಸಲ ಅಂಚು ಕೊಯ್ದು ಸರಿಮಾಡೋಣವೆಂದರೆ ಬಾಗಿಲು ಗಿಡ್ಡವಾಗಿ ಚೌಕಟ್ಟಿನ ಸಂದಿಯಲ್ಲಿ ಗೌಡರಿಗೆ ಬೆಳಕು ಕಾಣುತ್ತದೆ. ನಾನು ಪುಡಿಯ ರಾಶಿಯ ಮೇಲೇ ಕೂತೆ.

ಇಂಜಿನ್ ನಿಂತದ್ದು ಕೇಳಿ ಆಚಾರ್ರು ಬಂದರು. ಅವರ ಹೆಬ್ಬೆರಳು ಮೇಲಿನ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು. ಆಮೇಲೆ ಹಲಗೆಯ ಅಡಿಗೆ ಕೈ ಹಾಕಿ ಕೆಳಗಿನ ಅಂಚಿನ ಮೇಲೂ ಹೋಗಿಬಂತು. ನಾನು ಬೈಗುಳಕ್ಕೆ ಕಾದು ಕೂತಿದ್ದೆ.

"ಶೇಷ, ಪುಡಿ ಎಲ್ಲಿ ಬಿತ್ತೋ?"

"ಮೈಮೇಲೆ, ಆಚಾರ್ರೇ. ತಲೆ, ಮುಖ, ಬಾಯೊಳಗೂ ಹೋಗಿದೆ."

"ಕೈಗರಗಸದಲ್ಲಿ ಕೊಯ್ಯುವಾಗ ಎಲ್ಲಿ ಬೀಳುತ್ತೆ?"

"ಕೆಳಗೆ. ಕಾಲ ಮೇಲೆ."

"ಮತ್ತೆ? ನಮ್ಮ ಗರಗಸದ ಹಲ್ಲು ಮೇಲಿಂದ ಕೆಳಗೆ ಕಚ್ಚುತ್ತೆ. ಮೇಲಿನ ಮುಖ ಚೊಕ್ಕ, ಸಿಬಿರು ಅಡಿಗೆ. ಈ ಚಕ್ರ ಅಡಿಯಿಂದ ಮೇಲಕ್ಕೆ ಕಚ್ಚುತ್ತೆ ಕಣೋ. ಇದಕ್ಕೆ ಒಳ್ಳೆ ಮುಖ ಕೆಳಗೆ ಹಾಕ್ಬೇಕಿತ್ತು."

ನಾಲ್ಕು ತಿಂಗಳು ಅದನ್ನು ಹಿಡಿದು ಮೆರೆದವನು ನಾನು. ಅದನ್ನು ಒಂದು ದಿನವೂ ಮುಟ್ಟದವರಿಗೆ, ಅರೆಗಣ್ಣಿನವರಿಗೆ, ನನ್ನ ಮೈಮೇಲಿನ ಪುಡಿಯಿಂದಲೇ ಗೊತ್ತಾಯಿತು. ನಾಚಿಕೆಯಾಯಿತು. "ಕಾಲಿಗೆ ಬೀಳ್ತೀನಿ ಆಚಾರ್ರೇ, ನಿಮ್ಮ ಉಳಿ..." ಎಂದು ಅವರ ಪಾದ ಹಿಡಿದೆ. ನಾನು ಅತ್ತೆ. ಬರೆಯಲು ಈಗ ಸಂಕೋಚವೇನೂ ಇಲ್ಲ.

"ಆಮೇಲೆ ಅಳು. ಮೊದಲು ಹಲಗೆ ಮಗುಚು" ಎಂದರು ಆಚಾರ್ರು.

ಮಗುಚಿದೆವು. ಹಿಂಭಾಗದ ಅಂಚುಗಳು ಉಗುರು ಜಾರುವಷ್ಟು ಚೊಕ್ಕವಾಗಿದ್ದವು. ಅಂದರೆ ಹಿಂಭಾಗವನ್ನೇ ಮುಂದೆ ಮಾಡಬಹುದು. ಎಳೆ ಅಷ್ಟು ಚಂದವಿಲ್ಲ, ಆದರೂ ಬೀಟೆ ಬೀಟೆಯೇ. ತೊಂದರೆ ಒಂದೇ. ಒಂದು ಬಾಗಿಲಿನ ಹಿಂಭಾಗದಲ್ಲಿ, ಅಂಚಿಗೆ ಹತ್ತಿರ, ಎಮ್ಮೆಯ ಕಣ್ಣಿನ ಹಾಗೆ ಒಂದು ಕರೀ ಗಂಟು. ಅದನ್ನು ನೋಡಿದ ಯಾರಾದರೂ ಇದು ಹಿಂಭಾಗ ಎಂದು ಹೇಳಿಬಿಡುತ್ತಾರೆ. ಹಲಗೆಯನ್ನು ಹೇಗೆ ತಿರುಗಿಸಿದರೂ ಗಂಟು ಒಂದೋ ಹಣೆಯ ಮೇಲೆ, ಇಲ್ಲವೇ ಮೊಣಕಾಲಿನ ಹತ್ತಿರ ಬರುತ್ತಿತ್ತು. ಆಚಾರ್ರು ಹೆಬ್ಬೆರಳಿನಿಂದ ಗಂಟನ್ನು ಒತ್ತಿ ಒತ್ತಿ ನೋಡಿದರು.

"ಇಲ್ಲಿ ಬೀಗದ ತೂತು ಕೊರಿ" ಎಂದರು. "ಮೇಲೆ ಹಿತ್ತಾಳೆ ಬಿಲ್ಲೆ ಹೊಡಿ."

"ಇಷ್ಟು ಕೆಳಗಾ? ಬೀಗ ಮೊಣಕಾಲಿಗೆ ಬರುತ್ತೆ!"

"ಹಣೆಗಿಂತ ವಾಸಿ."

ಗೌಡರು ಗಾಡಿ ತಂದ ದಿನ ನಾನು ಹಲಗೆ ರಾಶಿಯ ಹಿಂದೆ ಅಡಗಿ ನಿಂತಿದ್ದೆ. ಅವರು ಬಾಗಿಲು ಮುಚ್ಚಿ, ನಡುವೆ ಬೆಳಕು ಕಾಣುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಕಾಣಲಿಲ್ಲ. ಆಮೇಲೆ ಕಣ್ಣು ಕೆಳಗಿಳಿಯಿತು.

"ಇದೆಂತದು ಆಚಾರ್ರೇ? ಬೀಗ ನೆಲದಲ್ಲಿದೆಯಲ್ಲ!"

ಆಚಾರ್ರು ಕನ್ನಡಕದ ದಾರ ಸರಿಮಾಡಿಕೊಂಡರು. "ಬೀರು ಅಂದ್ರೆ ಲಕ್ಷ್ಮಿ ಇರೋ ಜಾಗ ಗೌಡ್ರೇ. ಮನೆಗೆ ಬಂದ ಸೊಸೆ ನಿಂತ್ಕೊಂಡು ತೆಗೀಬಾರ್ದು. ಬಗ್ಗಿ ತೆಗೀಬೇಕು."

ಗೌಡರು ಬೀಗ ನೋಡಿದರು, ಆಚಾರ್ರನ್ನು ನೋಡಿದರು, ಕೈಮುಗಿದರು. ಬೀಗದ ಗಲಾಟೆಯಲ್ಲಿ ಅವರು ಎಳೆಗಳನ್ನು ನೋಡಲೇ ಇಲ್ಲ. ಮದುವೆ ಮನೆಯಲ್ಲಿ ಬೀರುವಿನದೇ ಮಾತಂತೆ. ಆಮೇಲೆ ಏನಾಯಿತು ಗೊತ್ತೇ? ಆಲ್ದೂರಿನಿಂದ ಒಬ್ಬರು ಬಂದು, "ನಮ್ಮ ಹುಡುಗಿಗೂ ಆ ಬಗ್ಗಿ ತೆಗೆಯೋ ಬೀರು ಬೇಕು" ಎಂದರು. ಅವರ ಹಿಂದೆ ಇನ್ನೊಬ್ಬರು. ಆ ಸೀಮೆಯ ಅದೆಷ್ಟು ಸೊಸೆಯಂದಿರು ನನ್ನ ಒಂದು ತಪ್ಪಿಗೆ ಅದೆಷ್ಟು ವರ್ಷ ಬಗ್ಗಿದರೋ, ಅವರ ಶಾಪ ನನಗೆ ತಟ್ಟದಿರಲಿ. ಒಂದೊಂದು ಬೀರು ಮಾಡುವಾಗಲೂ ನಾನು ಗಂಟಿಲ್ಲದ ಹಲಗೆಯ ಮೊಣಕಾಲಲ್ಲಿ ತೂತು ಕೊರೆಯುತ್ತ ಹಲ್ಲು ಕಡಿಯುತ್ತಿದ್ದೆ.

ಒಂದು ವಿಷಯ ಮಾತ್ರ ಆಗ ನನಗೆ ಅರ್ಥವಾಗಲಿಲ್ಲ. ಕಮಲಳ ಮದುವೆಯಾದ ಮಾರನೆಯ ದಿನ ಆಚಾರ್ರು ತಮ್ಮ ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟು, ಮೂರು ದಿನ ಶೆಡ್ಡಿಗೆ ಬರಲಿಲ್ಲ. ನನ್ನ ಮೇಲಿನ ಸಿಟ್ಟು ಎಂದುಕೊಂಡು ನಾನು ಮನೆಯ ಕಡೆ ಸುಳಿಯಲಿಲ್ಲ. ನಾಲ್ಕನೆಯ ದಿನ ಬಂದು, ಬಟ್ಟೆ ಬಿಚ್ಚಿ, ಏನೂ ಆಗದವರ ಹಾಗೆ ಉಳಿ ಮಸೆಯಲು ಕೂತರು. ಅಂತೂ ಗುಟ್ಟು ಉಳಿಯಿತು, ಉಳಿಯೂ ಕೈಯಲ್ಲಿ ಉಳಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಆದರೆ ಒಂದಲ್ಲ ಒಂದು ದಿನ ಆ ಹುಡುಗಿ ಬಾಗಿಲ ಒಳಗಿನ ಅಂಚು ನೋಡುತ್ತಾಳೆ, ಗೌಡರಿಗೆ ಹೇಳುತ್ತಾಳೆ, ಆಚಾರ್ರ ಮಾತು ಮಣ್ಣುಪಾಲಾಗುತ್ತದೆ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ. ಅಲ್ಲಿಂದ ಮುಂದೆ ನಾನು ಬೇಡದ ತುಂಡಿನ ಮೇಲೆ ಕೊಯ್ದು ನೋಡದೆ ಒಂದು ಹಲಗೆಗೂ ಹಲ್ಲು ತಾಗಿಸಲಿಲ್ಲ. ಜಾವಳಿ ಕಡೆಯ ಗಾಡಿ ಬಂದರೆ ಸಾಕು, ನನಗೆ ಬೆವರು.

ಹೀಗೇ ಏಳೆಂಟು ವರ್ಷ. ಯುದ್ಧ ಬಂತು. ಗರಗಸದ ಹೊಟ್ಟೆಯೊಳಗೆ ಕರೆಂಟು ದಾಟಿಸುವ ಇದ್ದಿಲ ತುಂಡು ಸವೆದುಹೋಯಿತು, ಹೊಸದು ತರುವ ಹಡಗು ಬರಲಿಲ್ಲ. ಮೋನಪ್ಪ ಬ್ಯಾಟರಿ ಸೆಲ್ಲಿನೊಳಗಿನ ಕಡ್ಡಿ ಉಜ್ಜಿ ಹಾಕಿ ನೋಡಿದ. ಅದು ಒಮ್ಮೆ ಕೆಮ್ಮಿ ಹೊಗೆ ಉಗುಳಿ ಸುಮ್ಮನಾಯಿತು. ಯುದ್ಧ ಮುಗಿಯುವ ಮೊದಲೇ ಆಚಾರ್ರೂ ಹೋದರು. ಹೋಗುವ ಹಿಂದಿನ ವಾರದವರೆಗೂ ಉಳಿ ಹಿಡಿದಿದ್ದರು. ಅವರಿಲ್ಲದ ಶೆಡ್ಡಿನಲ್ಲಿ ಕೂರಲು ನನಗೆ ಬಹಳ ದಿನ ಮನಸ್ಸೇ ಬರಲಿಲ್ಲ.

ಅವರು ಹೋದ ವರ್ಷವೇ ಗೋಣಿಬೀಡಿನಿಂದ ಕಮಲಮ್ಮ ಹೇಳಿಕಳುಹಿಸಿದರು. ಬೀರುವಿನ ಕೆಲಸ ಇದೆ, ಬರಬೇಕು ಎಂದು. ಗುಟ್ಟು ಬಯಲಾಯಿತು, ನನ್ನ ಕಥೆ ಮುಗಿಯಿತು ಎಂದುಕೊಂಡು ಹೋದೆ. ಆಕೆಗೆ ತುಂಬು ತಿಂಗಳು, ಮೂರನೆಯ ಬಸುರಿ. ಬೀರುವಿನ ಮುಂದೆ ಸೊಂಟ ಹಿಡಿದು ನಿಂತಿದ್ದರು.

"ನೋಡಿ ಶೇಷಣ್ಣ, ಈ ಹೊಟ್ಟೆ ಹೊತ್ಕೊಂಡು ನಾನು ಬಗ್ಗೋದು ಹ್ಯಾಗೆ? ನಿನ್ನೆ ಕೂತವಳು ಏಳಕ್ಕೆ ಇಬ್ರು ಎತ್ತಬೇಕಾಯ್ತು."

"ಬೀಗ ಮೇಲೆ ಮಾಡಿಕೊಡ್ತೀನಿ ಕಮಲಮ್ಮಾವ್ರೇ. ಒಂದು ಗಳಿಗೆ ಕೆಲಸ" ಎಂದು ಬಾಗಿಲು ತೆರೆದೆ. ಒಳಗಿನ ಮುಖದಲ್ಲಿ ಆ ದೀಪದ ಕುಡಿಯಂಥ ಎಳೆಗಳು ಹಾಗೇ ಇದ್ದವು. ಅಂಚಿನ ಸಿಬಿರು ಮಾತ್ರ ಸವೆದು ನುಣುಪಾಗಿತ್ತು, ಸೀರೆ ತೆಗೆದು ಇಟ್ಟು ತೆಗೆದು ಇಟ್ಟು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಹಲ್ಲು ಮೇಲಕ್ಕೆ ಕಚ್ಚಿದ್ದು, ಮಗುಚಿದ್ದು, ಗಂಟು, ಲಕ್ಷ್ಮಿ, ಎಲ್ಲ. "ತಪ್ಪು ನಂದು, ಆಚಾರ್ರದ್ದಲ್ಲ. ನಿಮ್ಮ ಅಪ್ಪಯ್ಯನಿಗೆ ಹೇಳೋದಾದ್ರೆ ನನ್ನ ಹೆಸರೇ ಹೇಳಿ" ಎಂದೆ.

ಕಮಲಮ್ಮ ನಗಲು ಶುರುಮಾಡಿದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತರು.

"ನನಗೆ ಗೊತ್ತು ಮಾರಾಯ್ರೆ. ಮದುವೆಯಾದ ಮೂರನೇ ದಿನ ಆಚಾರ್ರು ಇಲ್ಲಿಗೆ ನಡ್ಕೊಂಡು ಬಂದಿದ್ರು. ಈ ಬಾಗಿಲು ತೆರೆದು, ನನ್ನ ಕೈ ಹಿಡಿದು ಈ ಅಂಚು ಮುಟ್ಟಿಸಿದ್ರು. 'ಮಗಾ, ಹಲಗೆ ನಿಂದು. ಹಾಳಾಗಿದೆ ಅಂತ ನೀನು ಅಂದ್ರೆ ನಾನು ಉಳಿ ಕೆಳಗಿಡ್ತೀನಿ. ಉಳಿ ಸುತ್ತಿಟ್ಟೇ ಬಂದಿದ್ದೀನಿ' ಅಂದ್ರು."

ನಾನು ಬಾಗಿಲನ್ನು ಹಿಡಿದುಕೊಂಡು ನಿಂತೆ. "ನೀವು ಎಂತ ಅಂದ್ರಿ?"

"ನನಗೆ ಹದಿನೇಳು ವರ್ಷ. ಎಂತ ಹೇಳೋದು? 'ಚಂದದ ಮುಖ ಬೇರೆಯವ್ರು ನೋಡೋ ಬದಲು ದಿನಾ ತೆರೆದಾಗ ನಾನೇ ನೋಡ್ತೀನಲ್ಲ ಆಚಾರ್ರೇ, ಹಾಳಾಗಿದ್ದು ಎಲ್ಲಿ? ಹೋಗಿ ಉಳಿ ಬಿಚ್ಚಿ' ಅಂದೆ. ಅಪ್ಪಯ್ಯನಿಗೆ ಹೇಳಲ್ಲ ಅಂತ ನಾನೇ ಮಾತು ಕೊಟ್ಟೆ."

ನನ್ನ ಕಣ್ಣು ಮಂಜಾಯಿತು. ಅದರ ಜೊತೆಗೇ ಸಿಟ್ಟೂ ಬಂತು. "ಮತ್ತೆ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ? ಎಂಟು ವರ್ಷ ಜೀವ ಕೈಯಲ್ಲಿ ಹಿಡ್ಕೊಂಡು ಬದುಕಿದ್ದೀನಲ್ಲ!"

"ನಾನು ಹೇಳಿಕಳಿಸ್ತೀನಿ ಅಂದಿದ್ದೆ. ಆಚಾರ್ರು ಬೇಡ ಅಂದ್ರು. 'ಶೇಷನಿಗೆ ಹೇಳ್ಬೇಡ ಮಗಾ. ಆ ಹೆದರಿಕೆ ಇರೋವರೆಗೂ ಅವನ ಕೊಯ್ತ ನೆಟ್ಟಗಿರುತ್ತೆ' ಅಂದ್ರು."

ಆಮೇಲೆ ಚೀಲದಿಂದ ಕೊರೆಯುವ ಸಾಮಾನು ತೆಗೆದೆ. ಕಮಲಮ್ಮ ಕೈ ಅಡ್ಡ ಹಿಡಿದರು.

"ಬೀಗ ಅಲ್ಲೇ ಇರ್ಲಿ ಶೇಷಣ್ಣ. ಅದು ಆಚಾರ್ರು ಹೇಳಿದ ಜಾಗ. ನನಗೆ ಕೂತು ತೆಗೆಯಕ್ಕೆ ಒಂದು ಎತ್ತರದ ಮಣೆ ಮಾಡಿಕೊಡಿ, ಸಾಕು."

ಅಂಗಳದಲ್ಲಿ ಒಂದು ಹಲಸಿನ ಹಲಗೆ ಸಿಕ್ಕಿತು. ಮೊದಲು ಒಂದು ಬೇಡದ ತುಂಡಿನ ಮೇಲೆ ಕೊಯ್ದು ನೋಡಿದೆ. ಆಮೇಲೆ ಮಣೆಯನ್ನು ಕೈಗರಗಸದಲ್ಲೇ ಕೊಯ್ದೆ, ಒಳ್ಳೆಯ ಮುಖ ಮೇಲೆ ಇಟ್ಟು.